ಗಾಜಿನ ತೊಟ್ಟಿಯ ಕಡಲು: ನೀರಿನ ಹರಿವು ಮತ್ತು ಮರಳು

(ಅಮ್ಮತ್ತಿಯಲ್ಲಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



'ಗಲ್ಫಿನ ಅನುಭವ ಹೇಳಿ' ಎಂದು ಸಂಘದವರು ನನ್ನನ್ನು ಕರೆದಿದ್ದಾರೆ. ವೀಸಾ, ಸಂಬಳ, ಬಿಸಿಲು ಇವನ್ನೆಲ್ಲ ನಿಮ್ಮ ಮನೆಯವರೇ ನನಗಿಂತ ಚೆನ್ನಾಗಿ ಹೇಳಬಲ್ಲರು. ಆದ್ದರಿಂದ ನಾನು ಅಲ್ಲಿ ಮಾಡಿದ ಕೆಲಸದ ಬಗ್ಗೆ ಮಾತ್ರ ಮಾತನಾಡುತ್ತೇನೆ. ದುಬೈಯಲ್ಲಿ ಅನುಕೂಲಸ್ಥರ ಮನೆಗಳಲ್ಲಿ, ಹೋಟೆಲುಗಳಲ್ಲಿ ಉಪ್ಪುನೀರಿನ ತೊಟ್ಟಿಗಳಿರುತ್ತವೆ. ಅವುಗಳಲ್ಲಿ ಮೀನು ಮಾತ್ರವಲ್ಲ, ಜೀವಂತ ಹವಳವೂ ಬೆಳೆಯುತ್ತದೆ. ಅಂಥ ತೊಟ್ಟಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಕಾಫಿ ತೋಟದ ನಡುವೆ ಬೆಳೆದ ನನಗೆ ಸಮುದ್ರದ ಗಂಧವೂ ಇರಲಿಲ್ಲ. ಗಾಜು ಒರೆಸುವ ಸಹಾಯಕನಾಗಿ ಸೇರಿದೆ. ಕಲಿತದ್ದೆಲ್ಲ ತಪ್ಪು ಮಾಡಿಯೇ.

ಮೊದಲು ಹವಳ ಎಂದರೇನು ಎಂದು ತಿಳಿಯೋಣ. ಅದು ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ ಮುರ್ಡೇಶ್ವರದ ಎದುರಿಗೆ, ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಹವಳ ಕೂತಲ್ಲಿಂದ ಕದಲುವುದಿಲ್ಲ. ಹಾಗಾದರೆ ಅದಕ್ಕೆ ಆಮ್ಲಜನಕ ತಂದುಕೊಡುವವರು ಯಾರು? ಅದರ ಮೈಯ ಲೋಳೆಯನ್ನೂ ಕಸವನ್ನೂ ತೊಳೆಯುವವರು ಯಾರು? ನೀರಿನ ಹರಿವು. ನೀರು ನಿಂತರೆ ಹವಳದ ಮೈಗಂಟಿ ಒಂದು ನಿಶ್ಚಲವಾದ ಪದರ ಉಳಿದುಬಿಡುತ್ತದೆ, ಅದರೊಳಗೆ ಹವಳ ಉಸಿರುಗಟ್ಟುತ್ತದೆ. ಕಡಲಿನಲ್ಲಿ ಈ ಕೆಲಸವನ್ನು ಅಲೆ ಮಾಡುತ್ತದೆ. ತೊಟ್ಟಿಯಲ್ಲಿ ಪಂಪು ಮಾಡಬೇಕು.

ಎಷ್ಟು ಹರಿವು ಬೇಕು? ಗಟ್ಟಿ ಹವಳಗಳಿರುವ ತೊಟ್ಟಿಯಲ್ಲಿ ಗಂಟೆಗೆ ಒಟ್ಟು ನೀರಿನ 20ರಿಂದ 40 ಪಟ್ಟು ಚಲಿಸಬೇಕು ಎಂಬುದು ನಮ್ಮ ವೃತ್ತಿಯವರ ರೂಢಿಯ ಲೆಕ್ಕ. ಮೆದು ಹವಳಗಳಿಗೆ 10ರಿಂದ 20 ಪಟ್ಟು ಸಾಕು. ಅಂದರೆ 300 ಲೀಟರಿನ ತೊಟ್ಟಿಗೆ 30 ಪಟ್ಟಿನ ಲೆಕ್ಕದಲ್ಲಿ ಗಂಟೆಗೆ 9,000 ಲೀಟರ್. ಆದರೆ ಸಂಖ್ಯೆಯನ್ನು ನಂಬಿ ಕೂರಬೇಡಿ. ಒಂದೇ ಕಿರಿದಾದ ಬಾಯಿಯಿಂದ ಅಷ್ಟೂ ನೀರು ಚಿಮ್ಮಿದರೆ ಎದುರಿಗಿದ್ದ ಹವಳದ ಮಾಂಸವೇ ಕಿತ್ತುಹೋಗಿ ಬಿಳಿ ಎಲುಬು ಕಾಣುತ್ತದೆ. ಆಚೆಯ ಮೂಲೆಯಲ್ಲಿ ಮಾತ್ರ ನೀರು ಮಿಸುಕಾಡುವುದಿಲ್ಲ, ಮೀನಿನ ಹಿಕ್ಕೆ ಅಲ್ಲೇ ಗುಡ್ಡೆಯಾಗುತ್ತದೆ. ಅದಕ್ಕೇ ಅಗಲವಾಗಿ ತಳ್ಳುವ, ರೆಕ್ಕೆಯಿರುವ ಪಂಪುಗಳನ್ನು ಬಳಸುತ್ತಾರೆ. ಎರಡು ಪಂಪುಗಳಿದ್ದರೆ ಎರಡು ಬದಿಯಲ್ಲಿ, ಮೇಲ್ಭಾಗದಲ್ಲಿ, ಸ್ವಲ್ಪ ಮೇಲ್ಮುಖವಾಗಿ ಇಡಬೇಕು. ನೀರಿನ ಮೇಲ್ಮೈ ನಡುಗುತ್ತಿರಬೇಕು. ಗಾಳಿಯಿಂದ ಆಮ್ಲಜನಕ ಒಳಗೆ ಬರುವುದು ಅಲ್ಲಿಂದಲೇ. ಹವಳದ ಬಳ್ಳಿಯಂಥ ಬೆರಳುಗಳು ಒಮ್ಮೆ ಆಚೆ ಒಮ್ಮೆ ಈಚೆ ಬಾಗಬೇಕು. ಒಂದೇ ಕಡೆಗೆ ಬಾಗಿಕೊಂಡೇ ಇದ್ದರೆ ನಿಮ್ಮ ಪಂಪಿನ ದಿಕ್ಕು ಸರಿಯಿಲ್ಲ.

ಈಗ ಮರಳಿಗೆ ಬರೋಣ. ಹರಿವು ಮತ್ತು ಮರಳು ಬೇರೆಬೇರೆ ವಿಷಯಗಳು ಎಂದು ನಾನು ಬಹಳ ಕಾಲ ತಿಳಿದಿದ್ದೆ. ವಾಸ್ತವದಲ್ಲಿ ಎರಡೂ ಒಂದೇ ಲೆಕ್ಕ. ಇದನ್ನು ನೀವು ಈಗಾಗಲೇ ನೋಡಿದ್ದೀರಿ. ಪಲ್ಪಿಂಗ್ ಮನೆಯ ತೊಳೆಯುವ ಕಾಲುವೆಯಲ್ಲಿ ಭಾರದ ಕಾಫಿ ಬೀಜ ಮೊದಲೇ ಕೆಳಗೆ ಕೂರುತ್ತದೆ, ಜೊಳ್ಳು ನೀರಿನೊಂದಿಗೆ ತುದಿಗೆ ಹೋಗುತ್ತದೆ. ಸಿದ್ದಾಪುರದ ಹತ್ತಿರ ಕಾವೇರಿ ತಿರುಗುವಲ್ಲಿಯೂ ಹಾಗೆಯೇ. ತಿರುವಿನ ಹೊರದಂಡೆಯನ್ನು ನದಿ ಕೊರೆಯುತ್ತದೆ, ಒಳದಂಡೆಯಲ್ಲಿ ಮರಳು ಬಿಡುತ್ತದೆ. 2019ರ ಆಗಸ್ಟಿನ ಪ್ರವಾಹದಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿ ಕಡೆಯವರು ಮನೆಗಳನ್ನೇ ಕಳೆದುಕೊಂಡರು. ಆ ದಂಡೆಯ ಮಕ್ಕಳಿಗೆ ನೀರಿನ ವೇಗ ಏನು ಮಾಡುತ್ತದೆಂದು ನಾನು ಹೇಳಬೇಕಾಗಿಲ್ಲ. ತೊಟ್ಟಿಯೂ ಒಂದು ಸಣ್ಣ ನದಿ. ಸಕ್ಕರೆಯಂಥ ನುಣ್ಣನೆಯ ಮರಳು ಜೋರು ಹರಿವಿನಲ್ಲಿ ಹಾರುತ್ತದೆ. ತೀರಾ ದಪ್ಪ ಹರಳಾದರೆ ಸಂದುಗಳಲ್ಲಿ ಕೊಳೆ ಇಳಿದು ಕೂರುತ್ತದೆ. ಒಂದರಿಂದ ಎರಡು ಮಿಲಿಮೀಟರಿನ ಹರಳು ಜೋರು ಹರಿವಿಗೂ ತಡೆದುಕೊಳ್ಳುತ್ತದೆ ಎಂಬುದು ನನ್ನ ಅನುಭವ.

ಕಾವೇರಿ ಮರಳನ್ನೇ ಹಾಕಬಾರದೇ ಎಂದು ಒಬ್ಬ ಹುಡುಗ ಆಗಲೇ ಕೇಳಿದ. ಹೊಳೆಯ ಮರಳು ಹೆಚ್ಚಾಗಿ ಬೆಣಚುಕಲ್ಲಿನ ಪುಡಿ. ಹವಳದ ತೊಟ್ಟಿಗೆ ಬೇಕಾದದ್ದು ಸುಣ್ಣದ ಅಂಶದ ಮರಳು, ಹವಳ ಮತ್ತು ಚಿಪ್ಪುಗಳ ಪುಡಿ. ಲಕ್ಷದ್ವೀಪದ ಬಿಳಿ ಮರಳು ಅಂಥದ್ದು. ಗಿಳಿಮೀನು ಎಂಬ ಮೀನು ಹವಳದ ಬಂಡೆಯನ್ನು ಕಚ್ಚಿ, ಅರೆದು, ಹಿಂದಿನಿಂದ ಮರಳಾಗಿ ಬಿಡುತ್ತದೆ. ನೀವು ನಗುತ್ತೀರಿ, ಆದರೆ ಹವಳದ ದ್ವೀಪಗಳ ಮರಳಿನಲ್ಲಿ ಇದರ ಪಾಲು ದೊಡ್ಡದು.

ಇನ್ನು ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಒಂದು ಮನೆಯಲ್ಲಿ ಸುಮಾರು 600 ಲೀಟರಿನ ತೊಟ್ಟಿ, ಹಿಂಬದಿಯಲ್ಲಿ ಒಂದು ಗೇಣಿನಷ್ಟು ಮರಳು, ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಗಾಜಿನ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತಿತ್ತು. ಮನೆಯವರಿಂದ ಭೇಷ್ ಅನ್ನಿಸಿಕೊಳ್ಳುವ ಆಸೆಯಿಂದ, ಹಿರಿಯ ಕೆಲಸಗಾರ ಬರುವ ಮೊದಲೇ ಕೋಲಿನಿಂದ ಇಡೀ ಮರಳನ್ನು ಕದಡಿಬಿಟ್ಟೆ. ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬಿತು. ನೀರು ಹಾಲಿನಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಸಂಜೆಯೊಳಗೆ ಒಂದನ್ನು ಬಿಟ್ಟು ಉಳಿದೆಲ್ಲವೂ ಸತ್ತವು. ಆ ಮನೆಯ ಪುಟ್ಟ ಹುಡುಗಿ ಒಂದೊಂದಕ್ಕೂ ಹೆಸರಿಟ್ಟಿದ್ದಳು. ನಾನು ಬಲೆಯಿಂದ ತೆಗೆಯುವಾಗ ಪಕ್ಕದಲ್ಲೇ ನಿಂತು ಆ ಹೆಸರುಗಳನ್ನು ಹೇಳುತ್ತಿದ್ದಳು. ನಷ್ಟವನ್ನು ನಾಲ್ಕು ತಿಂಗಳ ಸಂಬಳದಿಂದ ಸ್ವಲ್ಪಸ್ವಲ್ಪವಾಗಿ ತೀರಿಸಿದೆ. ಊರಿಗೆ ಪತ್ರ ಬರೆಯುವಾಗ ಅದನ್ನು ಬರೆಯಲಿಲ್ಲ.

ನಡೆದದ್ದೇನು? ಮರಳಿನ ಮೇಲ್ಪದರದಲ್ಲಿ ಆಮ್ಲಜನಕ ಇರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಹಿಕ್ಕೆಯಿಂದ ಹುಟ್ಟುವ ಅಮೋನಿಯವನ್ನು ನೈಟ್ರೇಟ್ ಮಾಡುತ್ತವೆ. ಆಳದಲ್ಲಿ ಆಮ್ಲಜನಕ ಇಲ್ಲದ ಕಡೆ ಬೇರೆ ಜಾತಿಯವು ಆ ನೈಟ್ರೇಟನ್ನು ಒಡೆದು ಸಾರಜನಕವಾಗಿ ಹೊರಬಿಡುತ್ತವೆ. ಇದು ಒಳ್ಳೆಯದೇ. ಆದರೆ ಕೊಳೆ ತುಂಬಿ ನೀರು ಒಂದಿಷ್ಟೂ ಸುಳಿಯದ ಜಾಗದಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಮುಟ್ಟದಿದ್ದರೆ ಅದು ಅಲ್ಲೇ ಇರುತ್ತದೆ. ನಾನು ಕೋಲು ಹಾಕಿ ಅದನ್ನೂ, ವರ್ಷಗಳ ಕೊಳೆಯನ್ನೂ ಒಮ್ಮೆಲೇ ನೀರಿಗೆ ಬಿಟ್ಟೆ. ನೀರಿನಲ್ಲಿದ್ದ ಆಮ್ಲಜನಕವೂ ಅದಕ್ಕೇ ಖರ್ಚಾಯಿತು.

ಆಮೇಲೆ ನನ್ನ ಪದ್ಧತಿ ಬದಲಾಯಿತು. ಮರಳು ಎರಡೂವರೆಯಿಂದ ಐದು ಸೆಂಟಿಮೀಟರಿಗಿಂತ ಹೆಚ್ಚಿಲ್ಲ. ಬಂಡೆಗಳನ್ನು ಮೊದಲು ತಳದ ಮೇಲೆ ಭದ್ರವಾಗಿಟ್ಟು ನಂತರ ಮರಳು ಸುರಿಯುವುದು, ಇಲ್ಲದಿದ್ದರೆ ಮೀನು ಅಡಿಯಲ್ಲಿ ಬಿಲ ತೋಡಿ ಬಂಡೆ ಉರುಳುತ್ತದೆ. ಹೊಸ ಮರಳನ್ನು ಅಕ್ಕಿ ತೊಳೆದಂತೆ ತಿಳಿನೀರು ಬರುವವರೆಗೂ ತೊಳೆಯುವುದು. ಪ್ರತಿ ಸಲ ನೀರು ಬದಲಿಸುವಾಗ ಮೂರರಲ್ಲಿ ಒಂದು ಭಾಗದ ಮರಳನ್ನು ಮಾತ್ರ ಕೊಳವೆಯಿಂದ ಹೀರಿ ಶುಚಿ ಮಾಡುವುದು. ಹೊಸ ಪಂಪು ಹಾಕಿದ ದಿನ ಕಡಿಮೆ ವೇಗದಲ್ಲಿ ಬಿಟ್ಟು, ಮರುದಿನ ಬೆಳಿಗ್ಗೆ ಮರಳು ಎಲ್ಲಿ ಬೋಳಾಗಿದೆ, ಎಲ್ಲಿ ಗುಡ್ಡೆಯಾಗಿದೆ ಎಂದು ನೋಡುವುದು. ಗುಡ್ಡೆಯ ಅಡಿಯಲ್ಲಿ ಹವಳ ಹೂತುಹೋದರೆ ಅದು ಸಾಯುತ್ತದೆ. ಪಂಪನ್ನು ಒಂದು ಬೆರಳಿನಷ್ಟು ತಿರುಗಿಸಿ ಮತ್ತೆ ಒಂದು ದಿನ ಕಾಯುವುದು. ಇದರಲ್ಲಿ ಅವಸರದ ಮನುಷ್ಯನಿಗೆ ಜಾಗವಿಲ್ಲ.

ಊರಿನಲ್ಲೇ ಇಂಥ ತೊಟ್ಟಿ ಇಡಬಹುದೇ? ಎರಡು ಅಡ್ಡಿಗಳಿವೆ. ಮೊದಲನೆಯದು ನಮ್ಮ ಮಳೆಗಾಲದ ವಿದ್ಯುತ್ತು. ಮರ ಬಿದ್ದು ದಿನಗಟ್ಟಲೆ ಕರೆಂಟು ಇಲ್ಲದಿದ್ದರೆ ಹರಿವು ನಿಂತ ಕೆಲವೇ ಗಂಟೆಗಳಲ್ಲಿ ಮೀನು, ಹವಳ ಎರಡಕ್ಕೂ ಉಸಿರಿನ ತೊಂದರೆ. ಬ್ಯಾಟರಿಯ ಗಾಳಿ ಪಂಪು ಇಲ್ಲದೆ ಕೈಹಾಕಬೇಡಿ. ಎರಡನೆಯದು ಕಾನೂನು. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೂ ಅದೇ ಅನುಸೂಚಿ. ನಮ್ಮ ಸಮುದ್ರದಿಂದ ಒಂದು ತುಂಡು ಕಿತ್ತು ತಂದರೂ ಅಪರಾಧ, ಯಾರೋ ಗುಟ್ಟಾಗಿ ಮಾರಿದ್ದನ್ನು ಕೊಂಡರೂ ಅಪರಾಧ. ಅಂಗಡಿಯವನು ಏನೇ ಹೇಳಲಿ, ಕೊಳ್ಳಬೇಡಿ. ಸಿಹಿನೀರಿನ ತೊಟ್ಟಿಯಿಂದ ಶುರುಮಾಡಿ. ಹರಿವು, ಮರಳಿನ ಪಾಠಗಳು ಅಲ್ಲಿಯೂ ಇವೇ.

ಅದಕ್ಕಾಗಿಯೇ ಈ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ ಇಟ್ಟಿದ್ದೇನೆ. ಒಳಗೆ ಬಾವಿಯ ನೀರು, ಎರಡು ಬಗೆಯ ಮರಳು, ಒಂದು ಸಣ್ಣ ಪಂಪು ಇದೆ. ಎಡಗಡೆಯದು ನುಣ್ಣನೆಯದು, ಬಲಗಡೆಯದು ದಪ್ಪ. ಮೊದಲು ಪಂಪನ್ನು ಕೆಳಗಿಟ್ಟು ಚಾಲು ಮಾಡುತ್ತೇನೆ, ಆಮೇಲೆ ಮೇಲಿಡುತ್ತೇನೆ. ಹಿಂದಿನ ಸಾಲಿನವರು ಮುಂದೆ ಬನ್ನಿ, ಆದರೆ ಮೇಜಿಗೆ ಒರಗಬೇಡಿ.