ಪ್ರಾಜೆಕ್ಟ್ ವರದಿಗೂ ಸನದ್ ಬೇಕು



ಡಿಪ್ಲೊಮಾ, ಬಿ.ಇ. ಮಕ್ಕಳು ವಿದ್ಯಾರ್ಥಿವೇತನ ನವೀಕರಣಕ್ಕೆ ಕೊಡುವ ಪ್ರಾಜೆಕ್ಟ್ ವರದಿಗಳನ್ನು ನಾವು ಓದುತ್ತೇವೆ. ಹಲವುಗಳಲ್ಲಿ ಹಳೆಯ ಬ್ಯಾಚಿನವರ ಪುಟಗಳೇ ಮತ್ತೆ ಬರುತ್ತವೆ. ಕಾಂಕ್ರೀಟ್ ಮಿಶ್ರಣದ ಲೆಕ್ಕಕ್ಕೆ ಐಎಸ್ 10262ರ 1982ರ ಆವೃತ್ತಿಯನ್ನು ಈಗಲೂ ಹೆಸರಿಸುವವರಿದ್ದಾರೆ. ಅದು 2009ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಪರಿಷ್ಕರಣೆಯಾಗಿದೆ. ನಾಳೆ ಯಾರದೋ ಮನೆಗೆ ಮೋಲ್ಡ್ ಹಾಕಿಸುವವರು ಇದೇ ಮಕ್ಕಳು.

ಹದೀಸ್ ವಿಷಯದಲ್ಲಿ ನಮ್ಮ ಉಲಮಾಗಳು ಸನದ್ ನೋಡುತ್ತಾರೆ: ಯಾರು ಹೇಳಿದರು, ಯಾರಿಂದ ಕೇಳಿದರು, ನಂಬತಕ್ಕವರೇ? ವರದಿಯ ಪ್ರತಿ ಅಂಕಿಗೂ ಅದನ್ನೇ ಕೇಳಿ. ಬರೆದವರು ಯಾರು, ಯಾವ ವರ್ಷ, ಅಳತೆ ಮಾಡಿದವರು ಅವರೇನಾ, ಬೇರೆಯವರದನ್ನು ಎತ್ತಿಕೊಂಡದ್ದಾ? ವಿಕಿಪೀಡಿಯ ನೋಡಲೇಬೇಡಿ ಎನ್ನುವವರು ನಾವಲ್ಲ. ಅದರ ಅಡಿಟಿಪ್ಪಣಿ ಹಿಡಿದು ಮೂಲಕ್ಕೆ ಹೋಗಿ.

ಭಾರತೀಯ ಮಾನಕ ಬ್ಯೂರೋ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಐಎಸ್ ಮಾನಕಗಳು ಉಚಿತವಾಗಿ ಸಿಗುತ್ತವೆ. ಶೋಧಗಂಗಾದಲ್ಲಿ ಪಿಎಚ್.ಡಿ. ಪ್ರಬಂಧಗಳಿವೆ (ಓದಲಿಕ್ಕೆ, ನಕಲಿಗಲ್ಲ). ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಕಬ್ಬನ್ ಪಾರ್ಕ್. ಅಲ್ಲಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ.

ಈ ವರ್ಷದ ಅರ್ಜಿಗೆ ವರದಿಯ ಆಕರ ಪಟ್ಟಿಯನ್ನೂ ಲಗತ್ತಿಸಿ. ಉದ್ದ ಬೇಕಿಲ್ಲ, ನೀವೇ ತೆರೆದು ಓದಿದವು ಮಾತ್ರ ಇರಲಿ. ದಾನಿಗಳ ನೆರವಿನಿಂದ ಮೆಟ್ರೊ, ಜೆರಾಕ್ಸ್ ಖರ್ಚನ್ನೂ ವಿದ್ಯಾರ್ಥಿವೇತನಕ್ಕೆ ಸೇರಿಸಿದ್ದೇವೆ.