ಚೀಟಿ ಕೈಯಲ್ಲಿದ್ದರೆ ಸಾಲದು

(ತಿಪಟೂರು ತಾಲ್ಲೂಕು ಹೊನ್ನವಳ್ಳಿಯಲ್ಲಿ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. 1930ರಲ್ಲಿಯೇ ಮೈಸೂರು ಸಂಸ್ಥಾನದ ಸರ್ಕಾರವು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. 1952ರಲ್ಲಿ ಭಾರತ ಸರ್ಕಾರವು ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ಅಂದಿನಿಂದ ಅಚ್ಚಾದ ಕರಪತ್ರಗಳಿಗೆ ಲೆಕ್ಕವಿಲ್ಲ. ಆದರೆ ಕರಪತ್ರವು ಮನೆ ಸೇರಿದ ಮಾತ್ರಕ್ಕೆ ತಿಳಿವಳಿಕೆಯೂ ಮನೆ ಸೇರಿತೆಂದು ಹೇಳಲಾಗದು. ಈ ಪಾಠವನ್ನು ನನಗೆ ಕಲಿಸಿದವರು ಒಬ್ಬ ತಾಯಿ.

ನಾನು ಸೇವೆಗೆ ಸೇರಿದ ಹೊಸತರಲ್ಲಿ, ಬೇರೊಂದು ಊರಿನಲ್ಲಿ, ಎರಡು ಮಕ್ಕಳ ತಾಯಿಯೊಬ್ಬರಿಗೆ ಮಾಲಾ-ಎನ್ ಗುಳಿಗೆಗಳನ್ನೂ ಒಂದು ಕರಪತ್ರವನ್ನೂ ಕೊಟ್ಟೆ. "ಇದರಲ್ಲಿ ಎಲ್ಲವೂ ಬರೆದಿದೆ" ಎಂದೆ. ಆಕೆ ತಲೆಯಾಡಿಸಿದರು. ಆಕೆಗೆ ಓದು ಬಾರದೆಂಬುದನ್ನು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಪತಿ ಲಾರಿ ಚಾಲಕರು. ವಾರದಲ್ಲಿ ಎರಡು ರಾತ್ರಿ ಮಾತ್ರ ಮನೆಯಲ್ಲಿರುತ್ತಿದ್ದರು. ಆ ಎರಡು ರಾತ್ರಿಗಳಲ್ಲಿ ಮಾತ್ರ ಗುಳಿಗೆ ಬೇಕೆಂದು ಆಕೆ ಭಾವಿಸಿದರು. ಪತಿಗೆ ಓದು ಬರುತ್ತಿತ್ತು. ಆದರೆ 'ಋತುಸ್ರಾವ' ಮುಂತಾದ ಶಬ್ದಗಳನ್ನು ಕಂಡು ಅವರು ಕರಪತ್ರವನ್ನು ಮಡಿಸಿಟ್ಟರು. ಮುಟ್ಟು ಎಂದು ಬರೆದಿದ್ದರೆ ಅರ್ಥವಾಗುತ್ತಿತ್ತು. ಕೆಲವು ತಿಂಗಳಲ್ಲಿ ಆಕೆ ಮತ್ತೆ ಗರ್ಭಿಣಿಯಾದರು. ಮೊದಲೇ ರಕ್ತಹೀನತೆಯಿದ್ದುದರಿಂದ ಹೆರಿಗೆಯಲ್ಲಿ ರಕ್ತ ಕೊಡಬೇಕಾಯಿತು. ತಾಯಿ ಮಗು ಉಳಿದರು. ಊರಿನಲ್ಲಿ ಮಾತ್ರ "ಗುಳಿಗೆಯೇ ಸುಳ್ಳು" ಎಂಬ ಮಾತು ಹಬ್ಬಿತು. ಗುಳಿಗೆ ಸುಳ್ಳಲ್ಲ, ಆಕೆಯ ತಪ್ಪೂ ಅಲ್ಲ. ಬಾಯಿಬಿಟ್ಟು ಹೇಳದೆ ಕಾಗದ ಕೊಟ್ಟ ನನ್ನ ತಪ್ಪು.

ಇಂದು ನಿಮ್ಮೆದುರು ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ಮಾಲಾ-ಎನ್ ಪಟ್ಟಿಯಲ್ಲಿ 28 ಗುಳಿಗೆಗಳಿವೆ: 21 ಗರ್ಭನಿರೋಧಕ ಗುಳಿಗೆಗಳು, 7 ಕಬ್ಬಿಣಾಂಶದ ಗುಳಿಗೆಗಳು. ಪತಿ ಊರಿನಲ್ಲಿರಲಿ, ಇಲ್ಲದಿರಲಿ, ದಿನಕ್ಕೊಂದರಂತೆ ಒಂದೇ ಹೊತ್ತಿಗೆ ನುಂಗಬೇಕು. ಒಂದು ದಿನ ಮರೆತರೆ ನೆನಪಾದ ಕೂಡಲೇ ಅದನ್ನು ನುಂಗಿ, ಆ ದಿನದ ಗುಳಿಗೆಯನ್ನು ಎಂದಿನ ಹೊತ್ತಿಗೆ ನುಂಗಬೇಕು. ಎರಡು ದಿನ ಅಥವಾ ಹೆಚ್ಚು ಮರೆತರೆ ನಿರೋಧ್ ಬಳಸುತ್ತ ಆರೋಗ್ಯ ಕೇಂದ್ರಕ್ಕೆ ಬಂದು ಕೇಳಬೇಕು. ಛಾಯಾ ಗುಳಿಗೆಯ ಕ್ರಮವೇ ಬೇರೆ: ಮೊದಲ ಮೂರು ತಿಂಗಳು ವಾರಕ್ಕೆರಡು, ಅನಂತರ ವಾರಕ್ಕೊಂದು. ಆದ್ದರಿಂದ ನೆರೆಮನೆಯವರನ್ನು ನೋಡಿ ನುಂಗಬಾರದು. ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವ ತಾಯಿಗೆ, ರಕ್ತದೊತ್ತಡವುಳ್ಳವರಿಗೆ ಮಾಲಾ-ಎನ್ ತಕ್ಕುದಲ್ಲ. ಅಂಥವರಿಗೆ ಬೇರೆ ವಿಧಾನಗಳಿವೆ.

ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿದಾಗ ತೂಕವೆಷ್ಟು, ದರವೆಷ್ಟು ಎಂದು ನೀವು ಎರಡು ಬಾರಿ ಕೇಳುತ್ತೀರಿ. ಚೀಟಿಯಲ್ಲಿ ಬರೆದಿದೆಯೆಂದು ಸುಮ್ಮನೆ ಬರುವವರುಂಟೆ? ಆದರೆ ಔಷಧದ ಚೀಟಿ ಕೊಟ್ಟಾಗ ಮಾತ್ರ ತಲೆಯಾಡಿಸಿ ಹೊರಡುತ್ತೀರಿ. ಕೊಬ್ಬರಿ ಈ ವರ್ಷ ಕೆಟ್ಟರೆ ಮುಂದಿನ ವರ್ಷ ಬಂದೀತು. ತಾಯಿಯ ಆರೋಗ್ಯ ಹಾಗಲ್ಲ.

ಆದುದರಿಂದ ಈ ನಾಲ್ಕು ಮಾತುಗಳನ್ನು ನೆನಪಿಡಿರಿ:

1. ಓದು ಬಾರದಿದ್ದರೆ ಸಂಕೋಚವಿಲ್ಲದೆ ಹೇಳಿರಿ. ಓದು ಬಂದವರಿಗೂ ನಮ್ಮ ಬರಹ ತಿಳಿಯದಿರಬಹುದು. ಅದು ಬರೆದವರ ಕೊರತೆ.

2. ವೈದ್ಯರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿರಿ. ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು.

3. ಪತಿ ಪತ್ನಿಯರು ಕೂಡಿ ಬನ್ನಿರಿ. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ.

4. ಗುಳಿಗೆಯ ಪಟ್ಟಿಯನ್ನೂ ತಾಯಿ ಕಾರ್ಡನ್ನೂ ಎಸೆಯದೆ ತನ್ನಿರಿ. ಸಂದೇಹ ಬಂದರೆ ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಈ ಪುಸ್ತಿಕೆಯೂ ಒಂದು ಕಾಗದವೇ. ಓದಬಲ್ಲವರು ಇದನ್ನು ಇಂದು ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರಿ. ತಿಳಿಯದ ಶಬ್ದವಿದ್ದರೆ ಗುರುತು ಹಾಕಿ ನನ್ನ ಬಳಿಗೆ ತನ್ನಿರಿ. ಅರ್ಥವನ್ನು ನಾನು ಹೇಳುತ್ತೇನೆ. ಆ ಶಬ್ದಕ್ಕೆ ನಿಮ್ಮ ಮನೆಯ ಮಾತು ಯಾವುದೆಂದು ನೀವು ನನಗೆ ಹೇಳಿರಿ.