ಎರೆಮಣ್ಣಿನ ಮೇಲೆ ಮನೆ



ಮನೆ ಕಟ್ಟುವ ಸಾಮಗ್ರಿಗಳ ಈ ಪ್ರದರ್ಶನದ ರಿಬ್ಬನ್ ಕತ್ತರಿಸುವ ಮೊದಲೇ ಒಂದು ಸುತ್ತು ಒಳಗೆ ಹೋಗಿ ಬಂದೆ, ಸಂಘಟಕರು ಕ್ಷಮಿಸಬೇಕು. ಟೈಲ್ಸ್ ಇವೆ, ಬಣ್ಣಗಳಿವೆ, ಕೆತ್ತನೆಯ ಬಾಗಿಲುಗಳಿವೆ. ನೆಲಕ್ಕೆ ಹಾಸಲು ಬೇಕಾದ್ದೆಲ್ಲ ಇದೆ, ಆದರೆ ನೆಲದ ಬಗ್ಗೆ ಒಂದು ಮಳಿಗೆಯೂ ಮಾತಾಡುವುದಿಲ್ಲ. ಆ ಕೆಲಸ ನನಗೆ ಬಿಟ್ಟಿದ್ದಾರೆ ಅಂದುಕೊಳ್ಳುತ್ತೇನೆ.

ನಮ್ಮ ಗುತ್ತಲ ಸೀಮೆಯಲ್ಲಿ ಕೆಂಪು ಮಸಾರಿಯೂ ಇದೆ, ಕಪ್ಪು ಎರೆಯೂ ಇದೆ. ಗಟ್ಟಿ ಮಸಾರಿಯಲ್ಲಿ ಜಾಗ ಸಿಕ್ಕವರು ಪುಣ್ಯವಂತರು, ಅವರು ಹೋಗಿ ಚಹಾ ಕುಡಿದು ಬರಬಹುದು. ಎರೆಯವರು ಕೂತುಕೊಳ್ಳಿ. ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಹತ್ತಿಗೂ ಜೋಳಕ್ಕೂ ಒಳ್ಳೆಯದು. ಅದೇ ಗುಣ ಮನೆಗೆ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಅದು ಉಬ್ಬಿ ಪಾಯವನ್ನು ಎತ್ತುತ್ತದೆ, ಬೇಸಿಗೆಯಲ್ಲಿ ಬಿರಿದು ಕೈಬಿಡುತ್ತದೆ. ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ನಡುಮನೆಯ ಕೆಳಗಿನ ಮಣ್ಣು ತೇವವಾಗಿಯೇ ಉಳಿಯುತ್ತದೆ, ಹೊರಗೋಡೆಯ ಕೆಳಗಿನದು ಮಾತ್ರ ಒಣಗುತ್ತ ನೆನೆಯುತ್ತ ಇರುತ್ತದೆ. ಆಗ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಡುತ್ತದೆ. ಎಲ್ಲರೂ ಗೌಂಡಿಯನ್ನು ಬೈಯುತ್ತಾರೆ. ಆದರೆ ಪಾಯ ತೋಡುವ ದಿನ ಪೂಜೆಗೆ ನಿಂತವರಲ್ಲಿ ಎಷ್ಟು ಜನ ಗುಂಡಿಯೊಳಗೆ ಬಗ್ಗಿ ಮಣ್ಣು ನೋಡಿರುತ್ತಾರೆ?

ನೋಡುವ ಒಂದು ಸುಲಭ ವಿಧಾನ ಹೇಳುತ್ತೇನೆ. ಪಾಯದ ಆಳದ ಮಣ್ಣನ್ನು ತಂದು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಸೋಸಿ. ಒಂದೇ ಅಳತೆಯ ಎರಡು ಗಾಜಿನ ಗ್ಲಾಸಿಗೆ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು, ಕಲಕಿ, ಒಂದು ಪೂರ್ತಿ ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ನೀರಿನ ಗ್ಲಾಸಿನ ಮಣ್ಣು ಇನ್ನೊಂದರ ಒಂದೂವರೆ ಪಟ್ಟಿಗಿಂತ ಹೆಚ್ಚು ಎತ್ತರಕ್ಕೆ ನಿಂತರೆ, ಎಂಜಿನಿಯರನ್ನು ಕರೆಸದೆ ಒಂದು ಗುದ್ದಲಿಯೂ ಹಾಕಬೇಡಿ. ಪ್ರಯೋಗಾಲಯದಲ್ಲಿ ಅಳೆಯುವ ಸಿಲಿಂಡರಿನಲ್ಲಿ ಮಾಡುವುದೂ ಇದೇ ಪರೀಕ್ಷೆ. ಗ್ಲಾಸಿನದು ಎಚ್ಚರಿಕೆಗೆ ಮಾತ್ರ, ತೀರ್ಮಾನಕ್ಕಲ್ಲ.

ಎರೆಯ ಪದರ ತೆಳುವಿದ್ದರೆ ಪೂರ್ತಿ ತೆಗೆದು ಗಟ್ಟಿ ನೆಲ ಮುಟ್ಟುವುದೇ ಲೇಸು. ಆಳವಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಒಂದು ಪದ್ಧತಿ ಇದೆ. ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಆಳಕ್ಕೆ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಅವುಗಳ ತಲೆಗೆ ತೊಲೆ ಕಟ್ಟಿ, ಅದರ ಮೇಲೆ ಗೋಡೆ ಎಬ್ಬಿಸುವುದು. ಮಳೆ ಬಿಸಿಲಿನ ಆಟ ಅಷ್ಟು ಕೆಳಗೆ ಹೆಚ್ಚು ನಡೆಯುವುದಿಲ್ಲ. ಖರ್ಚು ಎನ್ನುತ್ತೀರಿ. ಮನೆಯ ಮುಂಭಾಗದ ಕಂಬಗಳಿಗೆ ಗ್ರಾನೈಟ್ ಅಂಟಿಸುವ ದುಡ್ಡನ್ನು ಇತ್ತ ತಿರುಗಿಸಿ ಎಂದು ನಾನು ಹೇಳುತ್ತೇನೆ. ಗ್ರಾನೈಟ್ ಮಳಿಗೆಯವರು ಬೇಸರ ಮಾಡಿಕೊಳ್ಳಬಾರದು.

ಗರಸು ತುಂಬಿದರೆ ಸಾಕಲ್ಲ ಎಂಬ ಮಾತೂ ಬರುತ್ತದೆ. ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿದ ಗರಸು ಸರಿ. ಸುಮ್ಮನೆ ಸುರಿದ ಉಸುಕು ಅಪಾಯ, ಎರೆಯ ನಡುವಿನ ಆ ಗುಂಡಿ ನೀರು ಕೂಡುವ ತೊಟ್ಟಿಯಾಗುತ್ತದೆ. ಇನ್ನು, ಗೋಡೆಯ ಬುಡಕ್ಕೆ ಬಚ್ಚಲ ನೀರು ಬಿಡಬೇಡಿ. ಮನೆಯ ಸುತ್ತ ಒಂದು ಮೀಟರಿಗೆ ಕಡಿಮೆಯಿಲ್ಲದಂತೆ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಸಿ. ನೆರಳಿಗೆಂದು ಬೇವು ಹಚ್ಚುವವರು ಅದು ಬೆಳೆಯುವ ಎತ್ತರದಷ್ಟು ದೂರದಲ್ಲಿ ಹಚ್ಚಿ. ಬೇರು ಪಾಯದ ಕೆಳಗಿನ ತೇವ ಹೀರಿದರೆ ಮತ್ತೆ ಅದೇ ಕಥೆ.

ನೆಲವನ್ನು ಲೆಕ್ಕಕ್ಕೆ ಹಿಡಿಯುವುದು ಈ ಸೀಮೆಗೆ ಹೊಸತೇನಲ್ಲ. ಗುತ್ತಲವನ್ನು ಆಳಿದ ಗುತ್ತ ಅರಸರ ಕಾಲದ ಶಾಸನಗಳಿರುವ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ತುಂಗಭದ್ರೆಯ ದಂಡೆಯಲ್ಲೇ ನಿಂತಿದೆ. ವರದಾ ಮತ್ತು ತುಂಗಭದ್ರೆ ಕೂಡುವ ಗಳಗನಾಥಕ್ಕೆ ಹೋದವರು ಗುಡಿಯ ಬುಡ ನೋಡಿ. ಗೋಡೆ ನೇರವಾಗಿ ನೆಲಕ್ಕಿಳಿಯದೆ ಪಿರಮಿಡ್ಡಿನಂತೆ ಹೊರಕ್ಕೆ ಹರಡಿಕೊಂಡಿದೆ. ಭಾರವನ್ನು ಅಗಲಕ್ಕೆ ಹಂಚುವ ಲೆಕ್ಕ ಅಲ್ಲಿ ಕಲ್ಲಿನಲ್ಲೇ ಕಾಣುತ್ತದೆ.

ಈಗಾಗಲೇ ಬಿರುಕು ಬಿಟ್ಟ ಮನೆಯವರಿಗೆ ಒಂದು ಮಾತು. ಕೂಡಲೇ ಸಿಮೆಂಟ್ ತುಂಬಿ ಬಣ್ಣ ಹೊಡೆಸಬೇಡಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಚೂರನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ ದಿನಾಂಕ ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಗಾಜು ಒಡೆದರೆ ಮನೆ ಇನ್ನೂ ಚಲಿಸುತ್ತಿದೆ, ಮದ್ದು ಬೇಕಾದದ್ದು ನೆಲಕ್ಕೆ. ಒಡೆಯದಿದ್ದರೆ ಗಿಲಾವು ಸಾಕು.

2019ರ ಆಗಸ್ಟ್ ತಿಂಗಳ ಮಳೆ, ನೆರೆ ನಿಮಗೆ ಮರೆತಿರಲಾರದು. ಹೊಳೆ ಬಾರದ ಊರುಗಳಲ್ಲೂ ಮಣ್ಣಿನ ಗೋಡೆಗಳು ಕೂತುಬಿಟ್ಟವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆಮೇಲೆ ಮಣ್ಣಿನ ಮನೆ ಎಂದರೇ ಜನ ಹೆದರುವಂತಾಯಿತು. ಆದರೆ ಮಣ್ಣಿನ ಗೋಡೆಯನ್ನು ಕೆಡಿಸುವುದರಲ್ಲಿ ನಮ್ಮ ಕೈಯೂ ಇದೆ. ಗಟ್ಟಿಯಾಗಲೆಂದು ಮೇಲೆ ಸಿಮೆಂಟ್ ಗಿಲಾವು ಬಳಿಯುತ್ತೇವೆ, ಒಳಗೆ ಸೇರಿದ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗಿಂದಲೇ ಮೆತ್ತಗಾಗುತ್ತದೆ. ಹಳೆಯ ಗೋಡೆಗೆ ಸುಣ್ಣದ ಅಥವಾ ಮಣ್ಣಿನ ಗಿಲಾವೇ ಸರಿ. ಆ ಗೋಡೆಯ ಮೇಲೆ ಸ್ಲ್ಯಾಬ್ ಹಾಕುವ ಯೋಚನೆಯಂತೂ ಬೇಡವೇ ಬೇಡ. ಮಣ್ಣಿನಲ್ಲೇ ಹೊಸದಾಗಿ ಕಟ್ಟುವ ಆಸೆಯಿದ್ದವರಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಂಗಿಯನ್ನು ರೂಢಿಗೆ ತಂದಿದ್ದಾರೆ. ಅದಕ್ಕೆ ಉಸುಕಿನಂಶ ಹೆಚ್ಚಿರುವ ಮಸಾರಿ ಬೇಕು, ಬರೀ ಎರೆ ನಡೆಯುವುದಿಲ್ಲ.

ಇನ್ನು ಸೆಕೆ. ಅಜ್ಜನ ಮಾಳಿಗೆ ಮನೆಯಲ್ಲಿ ಜಂತಿಯ ಮೇಲೆ ದಪ್ಪ ಮಣ್ಣಿರುತ್ತಿತ್ತು, ಮಧ್ಯಾಹ್ನದ ಕಾವು ಒಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಈಗಿನ ಐದಿಂಚಿನ ಸ್ಲ್ಯಾಬ್ ಹಗಲೆಲ್ಲ ಕಾದು, ನಾವು ಹಾಸಿಗೆ ಬಿಡಿಸುವ ಹೊತ್ತಿಗೆ ಒಳಗೆ ಕಾವು ಬಿಡುತ್ತದೆ. ಮಾಳಿಗೆ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಗಲು ಆ ಕಾವು ಒಳ್ಳೆಯದೇ, ಕೆಳಗೆ ಮಲಗುವವರು ಯಾಕೆ ಒಣಗಬೇಕು? ಒಂದಂತಸ್ತಿನ ಮನೆಗೆ ಹೆಚ್ಚಿನ ಶಾಖ ಬರುವುದು ಚಾವಣಿಯಿಂದ. ಆದ್ದರಿಂದ ಮೊದಲ ಖರ್ಚು ಅಲ್ಲಿರಲಿ. ಎಲ್ಲಕ್ಕಿಂತ ಅಗ್ಗದ್ದು ಬೇಸಿಗೆಗೆ ಮುಂಚೆ ಮೇಲೆ ಸುಣ್ಣ ಬಳಿಯುವುದು, ಪ್ರತಿ ವರ್ಷ ಬಳಿಯಬೇಕು ಅಷ್ಟೇ. ಬಿಳಿ ಟೈಲ್ಸ್ ಚೂರು ಹಾಸಿದರೆ ಹೆಚ್ಚು ಕಾಲ ಬರುತ್ತದೆ. ಥರ್ಮಾಕೋಲ್ ಹಲಗೆ ಹಾಕುವುದಾದರೆ ಸ್ಲ್ಯಾಬಿನ ಮೇಲೆ ಹಾಕಿ, ನೀರು ತಾಗದಂತೆ ಮುಚ್ಚಿ. ಕೆಳಗೆ ಅಂಟಿಸಿದರೆ ಸ್ಲ್ಯಾಬ್ ಮಾತ್ರ ಬಿಸಿಲಲ್ಲಿ ಹಿಗ್ಗಿ ಕುಗ್ಗಿ ಬಿರಿಯುತ್ತಲೇ ಇರುತ್ತದೆ. ಸೋರುವ ಮನೆಗೂ ಇದೇ ಮಾತು, ಮದ್ದು ಮೇಲೆ. ಒಳಗೆ ಬಳಿದ ವಾಟರ್‌ಪ್ರೂಫ್ ಬಣ್ಣ ಕಲೆ ಮುಚ್ಚುತ್ತದೆ, ಕಬ್ಬಿಣ ತುಕ್ಕು ಹಿಡಿಯುವುದನ್ನು ನಿಲ್ಲಿಸುವುದಿಲ್ಲ. ಸೋರಿಕೆಗೆಂದು ನಾಲ್ಕಿಂಚು ಇಟ್ಟಂಗಿ ಚೂರಿನ ಕಾಂಕ್ರೀಟ್ ಹಾಕಿಸುವವರು, ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಏರುತ್ತದೆ ಎಂಬುದನ್ನು ಮೊದಲು ಎಂಜಿನಿಯರಿಗೆ ತಿಳಿಸಿ.

ಗೌಂಡಿ ಅಣ್ಣಂದಿರೇ, ನಿಮ್ಮ ಬಳಿ ಎರಡೇ ಕೋರಿಕೆ. ಸ್ಲ್ಯಾಬಿನ ಕಾಂಕ್ರೀಟ್ ಕಲಸುವಾಗ 50 ಕಿಲೋ ಸಿಮೆಂಟ್ ಚೀಲಕ್ಕೆ ಒಟ್ಟು 25ರಿಂದ 27 ಲೀಟರ್ ನೀರು ಸಾಕು, ಒದ್ದೆ ಉಸುಕಿನ ನೀರೂ ಅದರಲ್ಲೇ ಸೇರಿತು. ಸುರಿಯಲು ಸಲೀಸಾಗಲೆಂದು ಪೈಪು ಬಿಡಬೇಡಿ. ಆಮೇಲೆ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಸ್ಲ್ಯಾಬ್ ತೇವವಾಗಿರಲಿ. ಆಗ ಪೈಪು ಎಷ್ಟು ಬಿಟ್ಟರೂ ಯಾರೂ ಕೇಳುವುದಿಲ್ಲ.

ಸಂಘಟಕರು ನನ್ನ ಒಂದು ಮಾತಿಗೆ ಒಪ್ಪಿದ್ದಾರೆ. ಬಾಗಿಲ ಹತ್ತಿರ ಒಂದು ಮೇಜು, ಗ್ಲಾಸುಗಳು, ಸೀಮೆಎಣ್ಣೆ ಇಟ್ಟಿದ್ದಾರೆ. ಮನೆ ಕಟ್ಟುವವರು ನಾಳೆ ಬರುವಾಗ ಪಾಯದ ಆಳದ ಮಣ್ಣನ್ನು ಚೀಟಿ ಬರೆದ ಚೀಲದಲ್ಲಿ ತನ್ನಿ, ನಾಡಿದ್ದು ಫಲಿತಾಂಶ ನೋಡಿ. ಟೈಲ್ಸ್ ಮಳಿಗೆ ಅದರ ಪಕ್ಕದಲ್ಲೇ ಇದೆ. ಪ್ರದರ್ಶನ ಉದ್ಘಾಟನೆಯಾಗಿದೆ, ಒಳಗೆ ಬನ್ನಿ.